ಮಣ್ಣಿನೊಳಗೆ ಐವತ್ತು ವರ್ಷ: ಕಾಗದ ಕೆಡದ ಹಾಗೆ ಟೈಮ್ ಕ್ಯಾಪ್ಸೂಲ್ ಹೂಳುವುದು ಹೇಗೆ?

ಮುಂದಿನವರು ತೆರೆದು ನೋಡಲಿ ಅಂತ ಇಂದಿನ ವಸ್ತು, ಕಾಗದಗಳನ್ನು ತುಂಬಿ ಮುಚ್ಚಿಡುವ ಪೆಟ್ಟಿಗೆಯೇ ಟೈಮ್ ಕ್ಯಾಪ್ಸೂಲ್. 1957ರ ಜೂನ್ 15ರಂದು ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ಊರಿನವರು ಹೊಚ್ಚ ಹೊಸ ಪ್ಲಿಮತ್ ಬೆಲ್ವೆಡಿಯರ್ ಕಾರೊಂದನ್ನು ಕೋರ್ಟಿನ ಮುಂದೆ ನೆಲದಲ್ಲಿ ಹೂತರು. ಕಾಂಕ್ರೀಟಿನ ಗುಂಡಿ, ಕಾರಿಗೆ ಪ್ಲಾಸ್ಟಿಕ್ ಹೊದಿಕೆ, ಎಲ್ಲ ಭರ್ಜರಿಯಾಗಿತ್ತು. 50 ವರ್ಷ ಕಳೆದ ಮೇಲೆ ಪೆಟ್ರೋಲ್ ಸಿಗುತ್ತೋ ಇಲ್ಲವೋ ಅಂತ ಅದನ್ನೂ ಜೊತೆಗಿಟ್ಟಿದ್ದರು. 2007ರಲ್ಲಿ ತೆಗೆದು ನೋಡಿದರೆ ಗುಂಡಿಯಲ್ಲಿ ನೀರು ನಿಂತಿದೆ, ಕಾರು ಪೂರ್ತಿ ತುಕ್ಕು ಹಿಡಿದಿದೆ. ಆದರೆ ಅದೇ ಗುಂಡಿಯಲ್ಲಿ, ಕಾರಿನ ಪಕ್ಕದಲ್ಲೇ, ಬಿಗಿಯಾಗಿ ಮುಚ್ಚಿದ ಉಕ್ಕಿನ ಸಿಲಿಂಡರ್ ಒಂದಿತ್ತು. ಅದರೊಳಗಿನ ಕಾಗದಪತ್ರ, ಬಾವುಟ ಎಲ್ಲ ಚೆನ್ನಾಗಿಯೇ ಉಳಿದಿದ್ದವು.

ಎಲ್ಲರೂ ಕಾರಿನ ಕಥೆ ಹೇಳುತ್ತಾರೆ. ಕಾಗದ ಉಳಿಸಬೇಕು ಅನ್ನುವವರು ನೋಡಬೇಕಾದದ್ದು ಆ ಸಿಲಿಂಡರನ್ನು. ಗುಂಡಿ ಎಷ್ಟೇ ಗಟ್ಟಿಯಾಗಿರಲಿ, ನೀರು ಬಂದೇ ಬರುತ್ತದೆ ಅಂತ ಮೊದಲೇ ಒಪ್ಪಿಕೊಂಡುಬಿಡಿ. ಆಮೇಲೆ ಉಳಿಯುವುದು ಎರಡೇ ಕೆಲಸ. ಒಳಗಿನ ಪೆಟ್ಟಿಗೆಗೆ ಆ ನೀರು ಸೇರಬಾರದು. ಪೆಟ್ಟಿಗೆ ಮುಚ್ಚುವಾಗಲೇ ನಾವೇ ಒಳಗೆ ನೀರು ತುಂಬಿರಬಾರದು. ಎರಡನೆಯದು ವಿಚಿತ್ರ ಅನ್ನಿಸಬಹುದು. ಮುಂದೆ ಹೇಳುತ್ತೇನೆ.

ಎಷ್ಟು ವರ್ಷಕ್ಕೆ?

ಮನೆಯವರು, ಶಾಲೆಯವರು, ಊರಿನವರು ಮಾಡುವುದಾದರೆ 25ರಿಂದ 50 ವರ್ಷ ಸಾಕು ಅನ್ನುವುದು ನನ್ನ ಅಭಿಪ್ರಾಯ. ಇವತ್ತು ಗುಂಡಿ ತೋಡುವಾಗ ನಿಂತು ನೋಡಿದ ಮಕ್ಕಳಲ್ಲಿ ಕೆಲವರಾದರೂ ತೆಗೆಯುವಾಗ ಇರುತ್ತಾರೆ. ಸಾವಿರಾರು ವರ್ಷದ ಆಸೆ ದೊಡ್ಡ ಸಂಸ್ಥೆಗಳಿಗೆ ಇರಲಿ. ನ್ಯೂಯಾರ್ಕಿನಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ 1938ರಲ್ಲಿ ಹೂತ ಕ್ಯಾಪ್ಸೂಲ್ ತೆರೆಯಬೇಕಾದ್ದು ಕ್ರಿ.ಶ. 6939ರಲ್ಲಿ! ಅದಕ್ಕಾಗಿಯೇ ತಾಮ್ರದ ಹೊಸ ಮಿಶ್ರಲೋಹ ಮಾಡಿದರು. ಒಳಗೆ ಗಾಜಿನ ಕೊಳವೆ, ಅದರೊಳಗೆ ಗಾಳಿ ತೆಗೆದು ಸಾರಜನಕ ತುಂಬಿದರು. ನಮ್ಮ ಕೈಲಿ ಅಷ್ಟೆಲ್ಲ ಆಗದು.

ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. 1973ರ ಆಗಸ್ಟ್ 15ರಂದು ಇಂದಿರಾ ಗಾಂಧಿ ದೆಹಲಿಯ ಕೆಂಪು ಕೋಟೆಯಲ್ಲಿ 'ಕಾಲಪಾತ್ರ' ಹೂಳಿಸಿದರು. ಸಾವಿರ ವರ್ಷ ಇರಬೇಕಿತ್ತು. ಒಳಗಿನ ಇತಿಹಾಸ ಸರಿಯಾಗಿದೆಯೇ ಇಲ್ಲವೇ ಅಂತ ಜಗಳ ಎದ್ದು, ಸರ್ಕಾರ ಬದಲಾದ ಮೇಲೆ 1977ರಲ್ಲಿ ಅಗೆದು ತೆಗೆದರು. ನೀರು, ಗೆದ್ದಲಿಗಿಂತ ಮೊದಲು ಮನುಷ್ಯರೇ ತೆಗೆದರು. ಹಾಗಾಗಿ ಒಳಗೇನಿದೆ ಅನ್ನುವುದನ್ನು ಮುಚ್ಚಿಡಬೇಡಿ.

ಏನು ಹಾಕಬೇಕು

ದೊಡ್ಡವರ ಸಂದೇಶ, ಸನ್ಮಾನದ ಭಾಷಣ ಇವನ್ನು ಒಂದೆರಡಕ್ಕೆ ನಿಲ್ಲಿಸಿ. 50 ವರ್ಷದ ನಂತರ ಅವನ್ನು ಯಾರೂ ಓದುವುದಿಲ್ಲ. ಓದುವುದು ದಿನಸಿ ಅಂಗಡಿಯ ಚೀಟಿ, ಕರೆಂಟ್ ಬಿಲ್ಲು, ಶಾಲೆಯ ವೇಳಾಪಟ್ಟಿ, ಲಗ್ನಪತ್ರಿಕೆ, ಚುನಾವಣೆಯ ಕರಪತ್ರ, ಊರಿನಲ್ಲಿ ಯಾರ ಮನೆ ಎಲ್ಲಿದೆ ಅನ್ನುವ ಕೈಬರಹದ ನಕ್ಷೆ. ಅಜ್ಜಿ ಹೇಳಿದ ಅಡುಗೆಯನ್ನು ಮೊಮ್ಮಗಳು ಬರೆದಿಟ್ಟರೆ ಇನ್ನೂ ಚೆಂದ.

ಮೂಲ ದಾಖಲೆ ಮಾತ್ರ ಬೇಡ. ಕ್ರಯಪತ್ರ, ಅಂಕಪಟ್ಟಿ, ಬೇರೆ ಪ್ರತಿ ಇಲ್ಲದ ಹಳೇ ಫೋಟೊ ಯಾವುದನ್ನೂ ಮಣ್ಣಿಗೆ ಕೊಡಬೇಡಿ. ಪ್ರತಿಗಳನ್ನಷ್ಟೇ ಹಾಕಿ. ಅದೂ ಎರಡು ಸೆಟ್ ಮಾಡಿ. ಒಂದು ನೆಲದೊಳಗೆ, ಇನ್ನೊಂದು ಮೇಲೆ, ಬೀರುವಿನಲ್ಲೋ ಗ್ರಂಥಾಲಯದಲ್ಲೋ. ಜಪಾನಿನ 1970ರ ಒಸಾಕಾ ಎಕ್ಸ್‌ಪೋ ವಸ್ತುಪ್ರದರ್ಶನದವರೂ ಒಂದೇ ರೀತಿಯ ಎರಡು ಕ್ಯಾಪ್ಸೂಲ್ ಹೂತರು. ಒಂದು ಐದು ಸಾವಿರ ವರ್ಷ ಮುಚ್ಚಿಯೇ ಇರಬೇಕು. ಇನ್ನೊಂದನ್ನು 2000ದಲ್ಲಿ ತೆಗೆದು ಪರೀಕ್ಷೆ ಮಾಡಿದರು. ನಮ್ಮ ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಎಂಬ ಜೈನ ಗ್ರಂಥದ ಓಲೆಗರಿಗಳು ಶತಮಾನಗಳ ಕಾಲ ಉಳಿದದ್ದು ನೆಲದ ಮೇಲೆ, ಮನುಷ್ಯರ ಕಾವಲಿನಲ್ಲಿ. ಹೂಳುವುದು ಕಷ್ಟದ ದಾರಿ ಅನ್ನುವುದು ನೆನಪಿರಲಿ.

ಬ್ಯಾಟರಿ ಇರುವ ಯಾವುದನ್ನೂ ಹಾಕಬೇಡಿ. ಅದು ಸೋರಿ ಪಕ್ಕದ ಕಾಗದ ಸುಡುತ್ತದೆ. ರಬ್ಬರ್, ಚರ್ಮ, ಉಣ್ಣೆ, ತಿಂಡಿ, ಬೀಜ ಬೇಡ. ಗಂಧದ ಪೆಟ್ಟಿಗೆಯೂ ಬೇಡ. ಮರ ಯಾವುದೇ ಇರಲಿ, ಮುಚ್ಚಿದ ಜಾಗದಲ್ಲಿ ಆಮ್ಲದ ಆವಿ ಬಿಡುತ್ತದೆ. ನುಸಿಗುಳಿಗೆ, ಬೇವಿನೆಲೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ನುಸಿಗುಳಿಗೆ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ, ಎಲೆ ತೇವ ತರುತ್ತದೆ.

ಕಾಗದ, ಶಾಯಿ, ಪ್ಲಾಸ್ಟಿಕ್

ಪೇಪರ್ ಹಳದಿಯಾಗಿ ಪುಡಿಯಾಗುವುದು ಬರೀ ವಯಸ್ಸಿನಿಂದಲ್ಲ, ಒಳಗಿನ ಆಮ್ಲದಿಂದ. ದಿನಪತ್ರಿಕೆಯ ಕಾಗದವೇ ಅತಿ ಕೆಟ್ಟದ್ದು. ಮರವನ್ನು ಹಾಗೆಯೇ ಅರೆದು ಮಾಡಿದ್ದು, ಅದರಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುತ್ತದೆ, ಕಾಲ ಕಳೆದ ಹಾಗೆ ಅದು ಆಮ್ಲ ಹುಟ್ಟಿಸುತ್ತದೆ. ಅಂದಿನ ಪತ್ರಿಕೆ ಹಾಕಲೇಬೇಕು ಅಂತ ಎಲ್ಲರಿಗೂ ಆಸೆ. ಹಾಕಿ, ಆದರೆ ಒಳ್ಳೆಯ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ ಹಾಕಿ. ಅಸಲಿ ಪತ್ರಿಕೆಯೇ ಬೇಕು ಅಂದರೆ ಅದಕ್ಕೆ ಬೇರೆ ಕವರ್ ಮಾಡಿ, ಬೇರೆ ಕಾಗದಕ್ಕೆ ತಾಗದಂತೆ ಇಡಿ.

ಒಳ್ಳೆಯ ಕಾಗದ ಅಂದರೆ ಆಸಿಡ್ ಫ್ರೀ ಕಾಗದ. ಪ್ಯಾಕೆಟ್ ಮೇಲೆ ಆ ಮಾತು ಅಥವಾ ಐಎಸ್‌ಒ 9706 ಅಂತ ಇದೆಯಾ ನೋಡಿ. ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದ ಸಿಕ್ಕರೆ ಇನ್ನೂ ಒಳ್ಳೆಯದು. ಹೂವಿನ ಪಕಳೆ, ಬಣ್ಣ ಸೇರಿಸಿದ ಅಲಂಕಾರದ ಕಾಗದ ಮಾತ್ರ ಬೇಡ.

ಪ್ರಿಂಟಿಗೆ ಲೇಸರ್ ಪ್ರಿಂಟರ್ ಅಥವಾ ಜೆರಾಕ್ಸ್ ಮೆಷಿನ್ ಒಳ್ಳೆಯದು. ಅದರ ಕಪ್ಪು ಪುಡಿಯಲ್ಲಿ ಇಂಗಾಲ ಇರುತ್ತದೆ, ಅದು ಮಾಸುವುದಿಲ್ಲ. ಮನೆಯ ಇಂಕ್‌ಜೆಟ್ಟಿನ ಬಣ್ಣ ಹಲವು ಸಲ ನೀರಿಗೆ ಕರಗುವಂಥದ್ದು. ಕೈಬರಹಕ್ಕೆ ಪೆನ್ಸಿಲ್‌ನಷ್ಟು ನಂಬಿಕಸ್ಥ ಬೇರೊಂದಿಲ್ಲ. ಎಚ್‌ಬಿ ಪೆನ್ಸಿಲ್ಲಿನಲ್ಲಿ ಸ್ವಲ್ಪ ಒತ್ತಿ ಬರೆಯಿರಿ. ಶಾಯಿಯೇ ಬೇಕಾದರೆ ಪಿಗ್ಮೆಂಟ್ ಇಂಕಿನ ಡ್ರಾಯಿಂಗ್ ಪೆನ್ ತನ್ನಿ. ಮಕ್ಕಳ ಸ್ಕೆಚ್ ಪೆನ್ನು, ಹೊಳೆಯುವ ಜೆಲ್ ಪೆನ್ನು ನೋಡಲು ಚೆಂದ ಅಷ್ಟೆ.

ಬಸ್ ಕಂಡಕ್ಟರ್ ಮೆಷಿನ್ನಿನ ಟಿಕೆಟ್, ಎಟಿಎಂ ಚೀಟಿ, ಅಂಗಡಿ ಬಿಲ್ಲು ಬಹುಪಾಲು ಥರ್ಮಲ್ ಕಾಗದದವು. ಅವುಗಳ ಅಕ್ಷರ ಪರ್ಸಿನಲ್ಲೇ ಕೆಲವು ತಿಂಗಳಲ್ಲಿ ಮಾಯ ಆಗುತ್ತದೆ ಅಲ್ವಾ? ಅವನ್ನೂ ಜೆರಾಕ್ಸ್ ಮಾಡಿಸಿ. ಬಣ್ಣದ ಫೋಟೊಗಳ ಜೊತೆ ಅದೇ ಚಿತ್ರದ ಕಪ್ಪು-ಬಿಳುಪು ಲೇಸರ್ ಪ್ರತಿಯನ್ನೂ ಇಡಿ. ಬಣ್ಣ ಹೋದರೂ ಮುಖ ಉಳಿಯುತ್ತದೆ. ಫೋಟೊಗಳನ್ನು ಮುಖಕ್ಕೆ ಮುಖ ಜೋಡಿಸಬೇಡಿ, ನಡುವೆ ಒಂದೊಂದು ಹಾಳೆ ಇರಲಿ. ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು, ಊರು, ವರ್ಷ ಬರೆಯಿರಿ. ಹೆಸರಿಲ್ಲದ ಫೋಟೊ ಉಳಿದರೂ ಪ್ರಯೋಜನ ಕಡಿಮೆ.

ಲ್ಯಾಮಿನೇಷನ್ ಮಾಡಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಜನಕ್ಕೆ ಮುಖ್ಯ ಕಾಗದ ಅಂದ ಕೂಡಲೇ ಲ್ಯಾಮಿನೇಷನ್ ಅಂಗಡಿಯೇ ನೆನಪಾಗುತ್ತದೆ. ಬಿಸಿ, ಅಂಟು ಎರಡೂ ಕಾಗದಕ್ಕೆ ಶತ್ರು. ಒಮ್ಮೆ ಅಂಟಿದರೆ ಬಿಡಿಸಲೂ ಆಗದು. ಸ್ಟೇಪ್ಲರ್ ಪಿನ್, ಜೆಮ್ ಕ್ಲಿಪ್, ರಬ್ಬರ್ ಬ್ಯಾಂಡ್, ಸೆಲ್ಲೋಟೇಪ್ ಎಲ್ಲ ತೆಗೆಯಿರಿ. ಹಾಳೆಗಳನ್ನು ಹತ್ತಿಯ ಬಿಳಿ ದಾರದಲ್ಲಿ ಸಡಿಲವಾಗಿ ಕಟ್ಟಿದರೆ ಸಾಕು.

ಪಾರದರ್ಶಕ ಕವರ್ ಬೇಕಾದರೆ ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್, ಪಾಲಿಥೀನ್ ಈ ಮೂರರಲ್ಲಿ ಒಂದು ಇರಲಿ. ಪಿವಿಸಿ ಬೇಡ. ಕಾಲ ಕಳೆದ ಹಾಗೆ ಅದು ಆಮ್ಲ ಬಿಡುತ್ತದೆ, ಜೆರಾಕ್ಸಿನ ಅಕ್ಷರ ಅದಕ್ಕೆ ಅಂಟಿಕೊಂಡು ಎದ್ದುಬರುತ್ತದೆ. ಅಂಗಡಿಯವನಿಗೆ ಯಾವ ಪ್ಲಾಸ್ಟಿಕ್ ಅಂತ ಗೊತ್ತಿಲ್ಲದಿದ್ದರೆ ಒಂದು ಸಣ್ಣ ತುಂಡು ಕತ್ತರಿಸಿ ನೀರಿನಲ್ಲಿ ಮುಳುಗಿಸಿ ಬಿಡಿ. ಮೇಲೆ ಬಂದು ತೇಲಿದರೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್, ಧೈರ್ಯವಾಗಿ ಬಳಸಿ. ಪಿವಿಸಿ ಮುಳುಗುತ್ತದೆ. ಪಾಲಿಯೆಸ್ಟರ್ ಕೂಡ ಮುಳುಗುತ್ತದೆ, ಹಾಗಾಗಿ ಮುಳುಗಿದ್ದರ ಬಗ್ಗೆ ಅನುಮಾನ ಇದ್ದರೆ ಬಿಟ್ಟುಬಿಡಿ.

ಪೆನ್‌ಡ್ರೈವ್ ಕಥೆ? ಹಾಕಿದರೆ ತಪ್ಪಿಲ್ಲ, ನಂಬಿದರೆ ತಪ್ಪು. ಅದರೊಳಗೆ ಮಾಹಿತಿ ನಿಲ್ಲುವುದು ವಿದ್ಯುತ್ ಚಾರ್ಜಿನ ರೂಪದಲ್ಲಿ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ಚಾರ್ಜು ಸೋರಿಹೋಗುತ್ತದೆ. ಕನ್ನಡಿಗರಿಗೆ ಇನ್ನೊಂದು ಅನುಭವವೂ ಇದೆ. ಹಳೇ ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕೆಲವೇ ದಶಕದಲ್ಲಿ ಹೀಗಾಗಿದೆ. ಓದಬೇಕಾದ್ದನ್ನೆಲ್ಲ ಕಾಗದದ ಮೇಲೆ ಮುದ್ರಿಸಿ.

ಒಣಗಿಸುವುದು: ಹೆಚ್ಚಿನವರು ತಪ್ಪುವುದು ಇಲ್ಲೇ

ಒಳಗೆ ನಾವೇ ನೀರು ತುಂಬುತ್ತೇವೆ ಅಂದೆನಲ್ಲ, ಆ ಲೆಕ್ಕ ನೋಡಿ. 30 ಡಿಗ್ರಿ ಬಿಸಿಯಲ್ಲಿ 10 ಲೀಟರ್ ಗಾಳಿ ಹಿಡಿದಿಡಬಲ್ಲ ನೀರಾವಿ ಹೆಚ್ಚೆಂದರೆ 0.3 ಗ್ರಾಂ. ಅದು ಏನೂ ಅಲ್ಲ. ಆದರೆ ನೋಡಲು ಒಣಗಿದಂತೆ ಇರುವ ಕಾಗದದ ತೂಕದಲ್ಲಿ ಸಾಮಾನ್ಯ ಹವೆಯಲ್ಲೇ ಸುಮಾರು 6ರಿಂದ 7 ಶೇಕಡಾ ನೀರಿರುತ್ತದೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಎ4 ಹಾಳೆ ಒಂದಕ್ಕೆ 5 ಗ್ರಾಂ. 200 ಹಾಳೆ ಇಟ್ಟರೆ ಒಂದು ಕಿಲೋ. ಅಂದರೆ 60-70 ಗ್ರಾಂ ನೀರನ್ನು ಕಾಗದದ ಜೊತೆಗೇ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದ ಹಾಗಾಯಿತು. ಚಪ್ಪಲಿ ಡಬ್ಬಿಯಲ್ಲಿ ಸಿಗುವ ತೇವ ಹೀರುವ ಒಂದೆರಡು ಸಿಲಿಕಾ ಜೆಲ್ ಪುಡಿಕೆ ಹಾಕಿ ಕೈತೊಳೆದುಕೊಂಡರೆ ಏನೂ ಆಗದು.

ಹೀಗೆ ಮಾಡಿ. ಗಾಳಿಯಾಡದ ಮುಚ್ಚಳದ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಕೆಳಗೆ ಅಗಲ ತಟ್ಟೆಯಲ್ಲಿ ಸಿಲಿಕಾ ಜೆಲ್ ಹರಡಿ. ಕಿಲೋ ಕಾಗದಕ್ಕೆ ಕಾಲು ಕಿಲೋ ಜೆಲ್‌ನಿಂದ ಶುರು ಮಾಡಿ. ಮೇಲೆ ಜಾಲರಿ ಇಟ್ಟು ಕಾಗದಗಳನ್ನು ಸಡಿಲವಾಗಿ ಹರಡಿ. ಗಾಳಿಯ ತೇವವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಒಳಗಿಡಿ, ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಮುಚ್ಚಿ ಎರಡು ಮೂರು ವಾರ ಬಿಡಿ. ಜೆಲ್ಲಿನ ಬಣ್ಣ ಬದಲಾದರೆ ತೆಗೆದು ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ ಮತ್ತೆ ಹಾಕಿ. ಕಿತ್ತಳೆ ಬಣ್ಣದ ಜೆಲ್ ತನ್ನಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಯಾವುದೇ ಆದರೂ ಅಡುಗೆಯ ಪಾತ್ರೆಯಲ್ಲಿ ಬಿಸಿ ಮಾಡಬೇಡಿ.

ಹೈಗ್ರೋಮೀಟರ್ 35-40 ತೋರಿಸಿ ಅಲ್ಲೇ ಕೆಲವು ದಿನ ನಿಂತರೆ ಕಾಗದ ಸಿದ್ಧ. 65 ದಾಟಿದರೆ ಬೂಷ್ಟು ಬರುವ ಅಪಾಯ. ಹಾಗಂತ ಪೂರ್ತಿ ಒಣಗಿಸಲೂ ಬಾರದು. ಅತಿ ಒಣಗಿದ ಕಾಗದ ಮಡಿಸಿದ ಕಡೆ ಮುರಿಯುತ್ತದೆ.

ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ತಿಂಗಳು ಒಳ್ಳೆಯದು. ಶಾಲೆಗಳವರು ಆಗಸ್ಟ್ 15ಕ್ಕೆ ಹೂಳಬೇಕು ಅನ್ನುತ್ತಾರೆ. ಮಂಗಳೂರಿನಲ್ಲೋ ಆಗುಂಬೆಯಲ್ಲೋ ಆಗಸ್ಟಿನಲ್ಲಿ ಪೆಟ್ಟಿಗೆ ಮುಚ್ಚಿದರೆ ಆ ಮಳೆಗಾಲವನ್ನೇ ಒಳಗಿಟ್ಟು ಮುಚ್ಚಿದ ಹಾಗೆ. ದಿನ ಆಗಸ್ಟ್ 15 ಬೇಕೇ ಬೇಕಾದರೆ ಬೇಸಿಗೆಯಲ್ಲೇ ಪೌಚಿನಲ್ಲಿ ಸೀಲ್ ಮಾಡಿಟ್ಟುಕೊಳ್ಳಿ.

ಪೌಚ್ ಅಂದರೆ ಒಳಗೆ ಅಲ್ಯೂಮಿನಿಯಂ ಪದರ ಇರುವ ದಪ್ಪ ಚೀಲ, ಕಾಫಿಪುಡಿ ಪ್ಯಾಕಿಂಗಿಗೆ ಬಳಸುವಂಥದ್ದು. ಬರೀ ಪ್ಲಾಸ್ಟಿಕ್ಕಿನಲ್ಲಿ ನೀರಾವಿ ವರ್ಷಗಳಲ್ಲಿ ನಿಧಾನಕ್ಕೆ ನುಸುಳುತ್ತದೆ. ಲೋಹದ ಪದರದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಣಗಿಸಿದ ಕಾಗದವನ್ನು ಒಂದು ಸಣ್ಣ ಜೆಲ್ ಪುಡಿಕೆಯ ಜೊತೆ ಪೌಚಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಹೀಟ್ ಸೀಲರ್ ಅಥವಾ ಇಸ್ತ್ರಿಪೆಟ್ಟಿಗೆಯಲ್ಲಿ ಬಾಯಿ ಅಂಟಿಸಿ. ಸ್ವಲ್ಪ ಬಿಟ್ಟು ಇನ್ನೊಂದು ಗೆರೆ ಎಳೆಯಿರಿ. ಒಂದೇ ದೊಡ್ಡ ಪೌಚಿಗಿಂತ ನಾಲ್ಕೈದು ಸಣ್ಣವು ಒಳ್ಳೆಯದು. ಒಂದು ಸೋತರೂ ಉಳಿದವು ಉಳಿಯುತ್ತವೆ.

ಪೆಟ್ಟಿಗೆ

ಕಬ್ಬಿಣದ ಟ್ರಂಕು ಬೇಡ, ಬಣ್ಣ ಎಷ್ಟೇ ಬಳಿದರೂ ತುಕ್ಕು ತಿನ್ನುತ್ತದೆ. ಪಿವಿಸಿ ಪೈಪಿಗೆ ಎರಡೂ ಕಡೆ ಕ್ಯಾಪ್ ಅಂಟಿಸಿ ಹೂಳುವ ಸಲಹೆ ತುಂಬಾ ಕಡೆ ಕಾಣುತ್ತದೆ. ಕಾಗದಕ್ಕೆ ನೇರ ತಾಗುವ ಪೆಟ್ಟಿಗೆಯಾಗಿ ಅದು ಬೇಡ, ಹೊರಕವಚವಾಗಿ ಇರಲಿ.

ಸ್ಟೇನ್‌ಲೆಸ್ ಸ್ಟೀಲ್ ಸಿಲಿಂಡರ್ ಮಾಡಿಸಿ. ಒಳನಾಡಿಗೆ 304 ದರ್ಜೆಯ ಸ್ಟೀಲ್ ಸಾಕು. ಕಾರವಾರ, ಉಡುಪಿ, ಮಂಗಳೂರಿನ ಉಪ್ಪುಗಾಳಿಯ ಕಡೆ 316 ಬೇಕು, ಬೆಲೆ ಜಾಸ್ತಿ. ಊರಿನ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡುವವರಿದ್ದರೆ ಅವರೇ ಮಾಡಿಕೊಡುತ್ತಾರೆ. ಕಾಗದ ಒಳಗಿಟ್ಟು ಮುಚ್ಚಳ ವೆಲ್ಡ್ ಮಾಡಿಸಬೇಡಿ, ಸುಟ್ಟೀತು. ಬೋಲ್ಟ್ ಹಾಕಿ ಬಿಗಿಯುವ ಮುಚ್ಚಳ ಇರಲಿ. ಅದರ ಗ್ಯಾಸ್ಕೆಟ್ ಬಗ್ಗೆ ಒಂದು ಮಾತು: ಸಿಲಿಕೋನ್ ರಬ್ಬರ್ ನೀರನ್ನು ತಡೆಯುತ್ತದೆ, ಆದರೆ ನೀರಾವಿಯನ್ನು ಬಿಡುತ್ತದೆ. ಇಪಿಡಿಎಂ ಅಥವಾ ಬ್ಯುಟೈಲ್ ರಬ್ಬರ್ ಕೇಳಿ.

ಖಾಲಿ ಪೆಟ್ಟಿಗೆಗೆ ಬೋಲ್ಟ್ ಬಿಗಿದು, ಒಳಗೊಂದು ಟಿಶ್ಯೂ ಕಾಗದ ಇಟ್ಟು, ಮೇಲೆ ಭಾರ ಹೇರಿ ಒಂದು ವಾರ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿಡಿ. ಟಿಶ್ಯೂ ಒಣಗಿಯೇ ಇದ್ದರೆ ಪಾಸ್. ಆಮೇಲೆ ಪಾತ್ರೆ ಅಂಗಡಿಗೆ ಹೋಗಿ. ಮದುವೆ ಪಾತ್ರೆಗೆ ಹೆಸರು ಕೊರೆಯುವ ಮೆಷಿನ್ ಅವರಲ್ಲಿರುತ್ತದೆ. ಪೆಟ್ಟಿಗೆಯ ಮೇಲೇ ಹೂತ ದಿನ, ತೆರೆಯಬೇಕಾದ ವರ್ಷ, ಯಾರಿಗೆ ಸೇರಬೇಕು ಅನ್ನುವುದನ್ನು ಕೊರೆಸಿ. ಜೊತೆಗೆ 'ಚಿನ್ನ ಬೆಳ್ಳಿ ಇಲ್ಲ, ಕಾಗದ ಮಾತ್ರ' ಅಂತಲೂ. ತಮಾಷೆಯಲ್ಲ. ನಿಧಿಗೆ ಅಂತ ದೇವಸ್ಥಾನದ ಗರ್ಭಗುಡಿಯನ್ನೇ ಅಗೆಯುವವರು ನಮ್ಮ ಸುತ್ತ ಇದ್ದಾರೆ.

ಜಾಗ ಮತ್ತು ಗುಂಡಿ

ನನ್ನನ್ನು ಕೇಳಿದರೆ ಮೊದಲ ಆಯ್ಕೆ ಗುಂಡಿಯೇ ಅಲ್ಲ. ಕಟ್ಟಡದ ಒಳಗೋಡೆಯಲ್ಲಿ ಒಂದು ಗೂಡು ಮಾಡಿ, ಕಲ್ಲು ಮುಚ್ಚಿ, ಮೇಲೆ ಫಲಕ ಹಾಕಿದರೆ ಕಾಗದಕ್ಕೂ ಒಳ್ಳೆಯದು, ನೆನಪಿಗೂ ಒಳ್ಳೆಯದು. ಹೂಳಲೇಬೇಕು ಅಂದರೆ ಊರಿನ ಎತ್ತರದ, ಇಳಿಜಾರಾದ ಕೆಂಪುಮಣ್ಣಿನ ಜಾಗ ಹುಡುಕಿ. ಮಳೆಗಾಲದ ಕೊನೆಯಲ್ಲಿ ಅಲ್ಲೊಂದು ಗುಂಡಿ ತೋಡಿ ನೋಡಿ. ನಾಲ್ಕು ಅಡಿಗೆ ನೀರು ಕಂಡರೆ ಆ ಜಾಗ ಬಿಟ್ಟುಬಿಡಿ. ತೆಂಗು, ಅರಳಿ, ಆಲದ ಬೇರು, ಸಂಪು, ಶೌಚಗುಂಡಿ, ಪೈಪ್‌ಲೈನ್ ಇವುಗಳಿಂದ ದೂರ ಇರಲಿ. ರಸ್ತೆ ಬದಿ ಬೇಡವೇ ಬೇಡ, ಅಗಲೀಕರಣ ಬಂದೇ ಬರುತ್ತದೆ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಅಗೆಯುವ ಯೋಚನೆಯೂ ಬೇಡ, ಅದು ನಿಷೇಧಿತ ವಲಯ.

ವಿಜಯಪುರ, ಗದಗ, ಧಾರವಾಡದ ಕಡೆ ಎರೆಮಣ್ಣು ಇದ್ದರೆ ಹುಷಾರು. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರಿದು ಪೆಟ್ಟಿಗೆಯನ್ನು ಅಲುಗಾಡಿಸುತ್ತಲೇ ಇರುತ್ತದೆ. ಅಲ್ಲಿ ಗುಂಡಿಗೆ ಜಲ್ಲಿ ತುಂಬಿದರೆ ನೀರು ಇಂಗುತ್ತದೆ ಅಂದುಕೊಳ್ಳುತ್ತೇವೆ. ಆದರೆ ಸುತ್ತಲಿನ ಜಿಗುಟು ಮಣ್ಣು ನೀರು ಬಿಡದು, ಜಲ್ಲಿಯ ಗುಂಡಿಯೇ ಬಾವಿಯಾಗುತ್ತದೆ. ಅಂಥ ಕಡೆ ಗೋಡೆಗೂಡೇ ಸರಿ.

ಮೂರೂವರೆಯಿಂದ ನಾಲ್ಕು ಅಡಿ ಆಳ ಸಾಕು. ಅಲ್ಲಿ ಹಗಲು ರಾತ್ರಿಯ ಬಿಸಿ-ತಂಪಿನ ವ್ಯತ್ಯಾಸ ತಟ್ಟುವುದಿಲ್ಲ. ತಳದಲ್ಲಿ ಮರಳು ಹಾಸಿ, ಪೆಟ್ಟಿಗೆಯನ್ನು ದಪ್ಪ ಪ್ಲಾಸ್ಟಿಕ್ ಪೈಪಿನೊಳಗೆ ಇಳಿಸಿ, ಮೇಲೆ ಚಪ್ಪಡಿ ಕಲ್ಲು ಹೊದಿಸಿ. ಚಪ್ಪಡಿ ಬೇಕೇ ಬೇಕು. 20 ಲೀಟರಿನ ಪೆಟ್ಟಿಗೆ 20 ಕಿಲೋಗಿಂತ ಹಗುರ ಇದ್ದರೆ, ನೀರು ತುಂಬಿದ ಮಣ್ಣು ಅದನ್ನು ಮೇಲಕ್ಕೆ ತಳ್ಳುತ್ತದೆ. ಸುತ್ತ ಕಾಂಕ್ರೀಟ್ ಸುರಿಯಬೇಡಿ, ತೆಗೆಯುವವರು ಒಡೆಯುವಾಗ ಪೆಟ್ಟಿಗೆಯೂ ಒಡೆಯುತ್ತದೆ. ಪೂಜೆ ಮಾಡುವುದಾದರೆ ಹೂವು, ಅಕ್ಷತೆ, ಹಾಲು ಎಲ್ಲ ಚಪ್ಪಡಿಯ ಮೇಲೆ ಇರಲಿ, ಪೆಟ್ಟಿಗೆಯ ಬೋಲ್ಟ್ ಬಿಗಿದು ಆದ ಮೇಲೆ.

ಎಲ್ಲಿದೆ ಅನ್ನುವ ದಾಖಲೆ

ಟೈಮ್ ಕ್ಯಾಪ್ಸೂಲುಗಳು ಕೊಳೆಯುವುದಕ್ಕಿಂತ ಹೆಚ್ಚಾಗಿ ಮರೆತುಹೋಗುತ್ತವೆ. ವೆಸ್ಟಿಂಗ್‌ಹೌಸಿನವರು ಇದಕ್ಕೆಂದೇ ಒಂದು ಪುಸ್ತಕ ಅಚ್ಚು ಹಾಕಿಸಿ, ಜಾಗದ ಅಕ್ಷಾಂಶ ರೇಖಾಂಶ ಬರೆದು, ಜಗತ್ತಿನ ಗ್ರಂಥಾಲಯಗಳಿಗೆ ಸಾವಿರಾರು ಪ್ರತಿ ಕಳಿಸಿದರು. ನಮಗೆ ಕ್ರಯಪತ್ರದ ಚೆಕ್ಕುಬಂದಿಯ ಪದ್ಧತಿ ಇದೆಯಲ್ಲ, ಅದನ್ನೇ ಬಳಸಿ. ಊರು, ಹೋಬಳಿ, ತಾಲ್ಲೂಕು, ಸರ್ವೆ ನಂಬರ್, ನಾಲ್ಕೂ ದಿಕ್ಕಿಗೆ ಏನಿದೆ ಬರೆಯಿರಿ. ಸುಲಭಕ್ಕೆ ಕದಲದ ಮೂರು ಗುರುತುಗಳಿಂದ ಟೇಪು ಹಿಡಿದು ಅಳೆದ ದೂರ ಬರೆಯಿರಿ: ಸರ್ವೆ ಕಲ್ಲು, ಬಾವಿಯ ಕಟ್ಟೆ, ದೇವಸ್ಥಾನದ ಮೂಲೆ. ಮರ, ಕರೆಂಟ್ ಕಂಬ ಗುರುತಿಗೆ ಆಗದು. ಮೊಬೈಲಿನ ಜಿಪಿಎಸ್ ಅಂಕಿ ಸೇರಿಸಿ, ಆದರೆ ಅದು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ ಅನ್ನುವುದು ಗೊತ್ತಿರಲಿ.

ಈ ಹಾಳೆಯನ್ನೂ ಒಳಗಿನ ವಸ್ತುಗಳ ಪಟ್ಟಿಯನ್ನೂ ಐದಾರು ಪ್ರತಿ ಮಾಡಿ. ಮನೆಯ ಆಸ್ತಿಪತ್ರದ ಫೈಲು, ಶಾಲೆಯ ದಾಖಲೆ ಬೀರು, ಪಂಚಾಯಿತಿ, ಊರಿನ ಗ್ರಂಥಾಲಯ, ಪರದೇಶದಲ್ಲಿರುವ ಒಬ್ಬ ನೆಂಟರು ಹೀಗೆ ಹಂಚಿ. ಮೇಲೆ ಕೊರೆದ ಕಲ್ಲು ನೆಡಿ. ಸಾರ್ವಜನಿಕ ಜಾಗವಾದರೆ ಬರಹದಲ್ಲಿ ಅನುಮತಿ ಪಡೆದು ಅದರ ಪ್ರತಿಯನ್ನೂ ಇಡಿ. ಹತ್ತು ವರ್ಷಕ್ಕೊಮ್ಮೆ ಶಾಲೆಯ ವಾರ್ಷಿಕೋತ್ಸವದಲ್ಲಿ ಆ ಹಾಳೆ ಓದಿಸಿದರೆ ಮರೆಯುವ ಭಯ ಕಡಿಮೆ.

ತೆರೆಯುವವರಿಗೆ ಒಂದು ಚೀಟಿ

ಎಲ್ಲ ಪೌಚುಗಳ ಮೇಲೆ, ಮುಚ್ಚಳ ತೆಗೆದ ಕೂಡಲೇ ಕಾಣುವ ಹಾಗೆ, ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಇಡಿ. ಅದರಲ್ಲಿ ಇಷ್ಟು ಇರಲಿ: ಪೆಟ್ಟಿಗೆಯನ್ನು ವೇದಿಕೆಯ ಮೇಲೆ, ಬಿಸಿಲಲ್ಲಿ, ಜನರ ನೂಕುನುಗ್ಗಲಿನಲ್ಲಿ ತೆರೆಯಬೇಡಿ. ಹೊರಗಿನ ಮಣ್ಣು ತೊಳೆದು ಒರೆಸಿ, ನೆರಳಿನ ಕೋಣೆಯಲ್ಲಿ ತೆರೆಯಿರಿ. ಪೌಚನ್ನು ಅಂಚಿನಲ್ಲಿ ಕತ್ತರಿಸಿ, ಕಾಗದವನ್ನು ತಕ್ಷಣ ಬಿಡಿಸಬೇಡಿ. ಒಣಗಿದ ಕಾಗದ ಕೋಣೆಯ ಹವೆಗೆ ಹೊಂದಿಕೊಳ್ಳಲು ಒಂದು ದಿನ ಬಿಟ್ಟು, ಆಮೇಲೆ ಮಡಿಕೆ ಬಿಡಿಸಿ. ಒಳಗೆ ನೀರು ಹೋಗಿ ಹಾಳೆಗಳು ಅಂಟಿಕೊಂಡಿದ್ದರೆ ಎಳೆಯಬೇಡಿ, ಬಿಸಿಲಿಗೂ ಹಾಕಬೇಡಿ. ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟು, ಹಸ್ತಪ್ರತಿ ಸಂರಕ್ಷಣೆ ಬಲ್ಲವರನ್ನು ಕರೆಸಿ. ಫ್ರೀಜರಿನಲ್ಲಿ ಬೂಷ್ಟು ಬೆಳೆಯದು, ಅವರು ಬರುವವರೆಗೆ ಸಮಯ ಸಿಗುತ್ತದೆ.